ಹಳೆ ತೇಗ, ಸಿಲ್ವರ್ ಓಕ್, ಪ್ಯಾಲೆಟ್ ಪೈನ್: ಕಡಿಮೆ ದುಡ್ಡಿನ ಮರಗೆಲಸಕ್ಕೆ ಯಾವುದು ಗಿಟ್ಟುತ್ತದೆ?

ಸಾಮಿಲ್ಲಿನಲ್ಲಿ ಹೇಳುವುದು ಘನ ಅಡಿಯ ರೇಟು. ಹವ್ಯಾಸಕ್ಕೆ ಮರಗೆಲಸ ಮಾಡುವವರಿಗೆ ಬೇಕಾಗಿರುವುದು ಬೇರೆ ಲೆಕ್ಕ: ಕೊಯ್ದು, ಕೀಸಿ, ಸೀಳು-ಗಂಟು ಕಳೆದ ಮೇಲೆ ಕೈಗೆ ದಕ್ಕಿದ ಮರಕ್ಕೆ ಎಷ್ಟು ಬಿತ್ತು ಎಂಬುದು. ಮೈಸೂರು-ಮಂಡ್ಯ ಸುತ್ತ ಸುಲಭವಾಗಿ ಸಿಗುವ ಮರಗಳಲ್ಲಿ ಒಂದೇ ಅಳತೆಯ ಸ್ಟೂಲು ಮಾಡಿ ಹೋಲಿಸಿದಾಗ, ರೇಟಿನ ಪಟ್ಟಿಯಲ್ಲಿದ್ದ ಕ್ರಮವೇ ಬದಲಾಯಿತು.

ಸ್ಟೂಲಿನ ಅಳತೆ ಹೀಗಿದೆ: 12×12 ಇಂಚಿನ, 1 ಇಂಚು ದಪ್ಪದ ಮೇಲ್ಹಲಗೆ, 2×2 ಇಂಚಿನ, 18 ಇಂಚು ಉದ್ದದ ನಾಲ್ಕು ಕಾಲು, 3×1 ಇಂಚಿನ, 10 ಇಂಚು ಉದ್ದದ ನಾಲ್ಕು ಅಡ್ಡಪಟ್ಟಿ. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಈ ಸ್ಟೂಲಿಗೆ ಸುಮಾರು 0.32 ಘನ ಅಡಿ. ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಚೀಟಿಯಲ್ಲಿ ಬರೆದುಕೊಂಡಿರಬೇಕು. ಅಲ್ಲಿ ನಿಂತು ಲೆಕ್ಕ ಹಾಕಲು ಹೊರಟರೆ ಅಗತ್ಯಕ್ಕಿಂತ ಹೆಚ್ಚೇ ಕೊಂಡು ಬರುತ್ತೇವೆ.

ಹಳೆ ಮನೆಯ ತೇಗ

ಅಗ್ರಹಾರ, ಲಷ್ಕರ್ ಮೊಹಲ್ಲಾದಂಥ ಹಳೆ ಬಡಾವಣೆಗಳಲ್ಲಿ ಮನೆ ಕೆಡವಿದಾಗ ಬರುವ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳು ಹಳೆ ಸಾಮಾನಿನ ಅಂಗಡಿಗೆ ಸೇರುತ್ತವೆ. ದಶಕಗಳ ಕಾಲ ಒಣಗಿದ ಮರ. ಇನ್ನು ಸೊಟ್ಟಗಾಗುವ ಭಯ ಕಡಿಮೆ. ಚೇಗು (ಮರದ ಗಟ್ಟಿ ಒಳಭಾಗ) ಹೆಚ್ಚಿರುವ ಹಳೆ ತೇಗಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಗುಣದಲ್ಲಿ ಈ ಪಟ್ಟಿಯ ಯಾವ ಮರವೂ ಇದಕ್ಕೆ ಸಮವಲ್ಲ.

ಆದರೆ ನಷ್ಟವನ್ನು ನೋಡಿ. 4×3 ಇಂಚಿನ 6 ಅಡಿ ತುಂಡು ಅಂದರೆ ಅರ್ಧ ಘನ ಅಡಿ. ನಾಲ್ಕೂ ಮುಖದಿಂದ ಕಾಲು ಕಾಲು ಇಂಚು ತೆಗೆದರೆ 3½×2½ ಉಳಿಯುತ್ತದೆ. ಎರಡೂ ತುದಿಯಲ್ಲಿ ಸೀಳು ಬಿಟ್ಟ ನಾಲ್ಕು ನಾಲ್ಕು ಇಂಚು ಕತ್ತರಿಸಿದರೆ ದಕ್ಕುವುದು ನೂರಕ್ಕೆ 65 ಪಾಲು ಮಾತ್ರ. ಘನ ಅಡಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ ನಿಜವಾದ ರೇಟು 1,500 ದಾಟಿತು. ಗರಗಸದ ಪುಡಿಯಾಗಿ ಹೋಗುವುದು ಇದರ ಮೇಲೆ.

ಇನ್ನೊಂದು ಖರ್ಚು ಮೊಳೆಯದು. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ, ಕೀಸುಳಿಯ ಅಲಗಿಗೆ ಮಾತ್ರ ಸಿಗುತ್ತದೆ. ಹಳೆ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಎಳೆದರೆ ಮೊಳೆ ಇದ್ದ ಕಡೆ ಅದು ಓಲುತ್ತದೆ. ಗಾರೆ ಅಂಟಿದ್ದರೆ ತಂತಿ ಬ್ರಷ್ಷಿನಿಂದ ಪೂರ್ತಿ ಉಜ್ಜಿ ತೆಗೆಯಿರಿ, ಅದರಲ್ಲಿರುವ ಮರಳು ಅಲಗಿನ ಮೊನೆಯನ್ನು ತಿಂದುಬಿಡುತ್ತದೆ. ಹಳೆ ಬಣ್ಣವನ್ನು ಒಣಗಿದ್ದಾಗಲೇ ಸ್ಯಾಂಡ್‌ಪೇಪರ್ ಹಾಕಿ ತಿಕ್ಕಬೇಡಿ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ; ಅದಕ್ಕೂ ಹಿಂದಿನ ಬಾಗಿಲಿನ ಧೂಳು ಮಕ್ಕಳಿರುವ ಮನೆಗೆ ಖಂಡಿತ ಬೇಡ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಫೆವಿಕಾಲ್ ಹಚ್ಚುವ ಮುನ್ನ ಸಂದಿನ ಮುಖವನ್ನು ಹೊಸದಾಗಿ ಕೀಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು.

ಸಿಲ್ವರ್ ಓಕ್

ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಈ ಆಸ್ಟ್ರೇಲಿಯಾ ಮೂಲದ ಮರ ಹುಣಸೂರು ಕಡೆಯಿಂದ ಮೈಸೂರಿಗೆ ಬರುತ್ತದೆ. ಕಲಿಯುವವರಿಗೆ ನಮ್ಮ ಮೊದಲ ಆಯ್ಕೆ ಇದೇ. ಉಳಿಗೆ ಹದವಾಗಿ ಕೊಡುತ್ತದೆ, ಗರಗಸ ಸಿಕ್ಕಿಕೊಳ್ಳುವುದಿಲ್ಲ. ತಿರುಳಿನಿಂದ ಸಿಪ್ಪೆಯ ಕಡೆಗೆ ನೇರವಾಗಿ ಕೊಯ್ದ ಹಲಗೆಯಲ್ಲಿ ಜರಿಯಂತೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಒಣಗಿದ, ನೇರ ಹಲಗೆಯನ್ನು ಆರಿಸಿ ತಂದರೆ ನಷ್ಟ ಹಳೆ ತೇಗದ ಅರ್ಧದಷ್ಟೂ ಆಗುವುದಿಲ್ಲ.

ತೊಂದರೆ ಎಲ್ಲ ಹಸಿತನದಲ್ಲಿದೆ. ಸಾಮಿಲ್ಲಿನಲ್ಲಿ ‘ಒಣಗಿದೆ’ ಎಂದರೆ ಮೇಲ್ಮೈ ಒಣಗಿದೆ ಎಂದಷ್ಟೇ ತಿಳಿಯಿರಿ. ತುಂಡಿನ ನಡುವಿನಿಂದ (ತುದಿಯಿಂದಲ್ಲ) ಬೆರಳುದ್ದದ ಚೂರು ಕತ್ತರಿಸಿ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, 103 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಕಡಿಮೆಯಾದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 230 ಗ್ರಾಂ ಇದ್ದದ್ದು 200ಕ್ಕೆ ನಿಂತರೆ ತೇವ ಶೇ. 15. ಮನೆಯೊಳಗಿನ ಸಾಮಾನಿಗೆ 12ರ ಆಸುಪಾಸಿಗೆ ಇಳಿದಿರಬೇಕು. ಇಳಿದಿಲ್ಲದಿದ್ದರೆ ಗಾಳಿಯಾಡುವ ನೆರಳಿನಲ್ಲಿ, ಒಂದೂವರೆ ಅಡಿಗೊಂದರಂತೆ ಒಂದೇ ದಪ್ಪದ ರೀಪರ್ (ಸಣ್ಣ ಮರದ ಪಟ್ಟಿ) ತುಂಡು ಕೊಟ್ಟು ಪೇರಿಸಿ, ತುದಿಗಳಿಗೆ ಬಣ್ಣ ಬಳಿಯಿರಿ. ತುದಿ ಬೇಗ ಒಣಗುವುದರಿಂದಲೇ ಸೀಳು ಬಿಡುವುದು. ಬಿಸಿಲಿಗೆ ಹಾಕಿ ಆತುರ ಮಾಡಿದರೆ ಹಲಗೆ ದೋಣಿಯಾಗುತ್ತದೆ.

ಮಳೆಗಾಲದಲ್ಲಿ ಹಿಗ್ಗಿ ಮಾರ್ಚ್-ಏಪ್ರಿಲ್‌ನಲ್ಲಿ ಕುಗ್ಗುವ ಈ ಮರದ 12 ಇಂಚು ಅಗಲದ ಮೇಲ್ಹಲಗೆ 3 ಮಿ.ಮೀ.ವರೆಗೆ ಆಡಬಹುದು. ಅದನ್ನು ಅಡ್ಡಪಟ್ಟಿಗೆ ಅಂಟಿಸಿಬಿಟ್ಟರೆ ಸೀಳುವುದು ಖಾತ್ರಿ. ಸ್ಕ್ರೂ ಹಾಕುವ ತೂತನ್ನು ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು, ವಾಷರ್ ಕೊಟ್ಟು ಬಿಗಿಯಿರಿ. ಗೆದ್ದಲಿಗೆ ಇದು ಸುಲಭದ ತುತ್ತು. ಹೊರಗೆ, ನೆಲಕ್ಕೆ ತಾಗುವ ಕೆಲಸಕ್ಕೆ ಬೇಡ. ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಪ್ಯಾಲೆಟ್ ಪೈನ್ ಮತ್ತು ಉಳಿದವು

ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಿಂದ ಗುಜರಿಗೆ ಬರುವ ಪ್ಯಾಲೆಟ್ (ಸರಕು ಪೇರಿಸಿ ಸಾಗಿಸುವ ಮರದ ಅಟ್ಟಣೆ) ಅಗ್ಗ. ಕೊಳ್ಳುವ ಮೊದಲು ಗೋಧಿ ತೆನೆಯ ಗುರುತಿನ ಸುಟ್ಟ ಮುದ್ರೆ ಹುಡುಕಿ. ‘ಎಚ್‌ಟಿ’ ಎಂದಿದ್ದರೆ ಮರದ ಒಳಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ. ಮುದ್ರೆಯೇ ಇಲ್ಲದ್ದು, ಎಣ್ಣೆಯ ಅಥವಾ ರಾಸಾಯನಿಕದ ಕಲೆ ಇರುವುದೂ ಬೇಡ. ಎಚ್‌ಟಿ ಅಂದರೆ ಹುಳ ಸತ್ತಿದೆ ಎಂದರ್ಥ, ಮರ ಒಣಗಿದೆ ಎಂದಲ್ಲ.

ಸುರುಳಿ ಮೊಳೆಯನ್ನು ಕೀಳಲು ಹೋದರೆ ಹಲಗೆಯ ತುದಿ ಸೀಳುತ್ತದೆ. ಹಲಗೆಗೂ ತೊಲೆಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿ. ಸ್ಟೂಲಿನ ಕಾಲಿಗೆ ಬೇಕಾದ ದಪ್ಪ ಹಲಗೆಯಲ್ಲಿ ಸಿಗುವುದಿಲ್ಲ, ಎರಡನ್ನು ಅಂಟಿಸಬೇಕು. ಗೂಡು, ಪೆಟ್ಟಿಗೆ, ಉಪಕರಣ ನೇತುಹಾಕುವ ಹಲಗೆಗೆ ಒಳ್ಳೆಯದು. ಕುಳಿತುಕೊಳ್ಳುವ ಸಾಮಾನಿಗೆ ನಾವು ಶಿಫಾರಸು ಮಾಡುವುದಿಲ್ಲ.

ಮಂಡ್ಯ ಕಡೆ ರೈತರು ಬೆಳೆಯುವ ಹೆಬ್ಬೇವು ಹಗುರ, ಮೆದು. ಉಗುರಿಗೂ ಗುರುತು ಬೀಳುತ್ತದೆ. ಪೆಟ್ಟಿಗೆಯ ಹಿಂಬದಿಗೆ ಸಾಕು. ಬದುಗಳಲ್ಲಿ ಬೆಳೆದ ಎಳೆ ತೇಗದಲ್ಲಿ ಬಿಳಿ ಹೊರಭಾಗ ಹೆಚ್ಚು. ಆ ಭಾಗಕ್ಕೆ ಹುಳ ಬೀಳುತ್ತದೆ, ‘ತೇಗ’ ಎಂಬ ಹೆಸರಿಗೇ ಹಣ ಕೊಡಬೇಡಿ. ಅಗಲ ಬೇಕಾದ ಕೆಲಸಕ್ಕೆ ಪ್ಲೈವುಡ್ ಅಂಗಡಿಯ ಕಟಿಂಗ್ ತುಂಡು ಕೇಳಿ. ನೀರು ತಾಗುವಲ್ಲಿ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಮಾನಕ) ಮುದ್ರೆ ಇರಲಿ.

ಉಪಕರಣ: ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ

ಗರಗಸದಲ್ಲಿ ಎರಡು ದಾರಿಗಳಿವೆ. ಹಲ್ಲಿನ ತುದಿ ಕಪ್ಪಗಿರುವ, ಗಟ್ಟಿ ಮಾಡಿದ ಗರಗಸ ತಂದ ದಿನವೇ ಚೆನ್ನಾಗಿ ಕೊಯ್ಯುತ್ತದೆ, ಆದರೆ ಮೊಂಡಾದ ಮೇಲೆ ಅರ ಹಿಡಿಯುವುದಿಲ್ಲ, ಎಸೆಯಬೇಕು. ಬಡಗಿಗಳ ಸಾಮಾನ್ಯ ಗರಗಸವನ್ನು ಮೂರು ಮೂಲೆಯ ಅರದಿಂದ ಮತ್ತೆ ಮತ್ತೆ ಹರಿತ ಮಾಡಬಹುದು. ಹೊಸಬರು ಮೊದಲನೆಯದನ್ನೇ ಕೊಳ್ಳಲಿ. ಹರಿತ ಮಾಡುವುದು ಗೊತ್ತಿಲ್ಲದೆ ಮೊಂಡು ಬಿಟ್ಟ ಗರಗಸದಲ್ಲಿ ನೇರ ಕೊಯ್ತ ಕಲಿಯಲಾಗದು.

ಮರದ ಕೀಸುಳಿ ಅಗ್ಗ, ಹಗುರ. ಆದರೆ ಬಾಯಿ ಅಗಲವಿದ್ದರೆ ಎಳೆಗೆ ಎದುರಾಗಿ ಕೀಸುವಾಗ ಮರ ಕಿತ್ತು ಬರುತ್ತದೆ. ಕಬ್ಬಿಣದ 4ನೇ ನಂಬರ್ ಕೀಸುಳಿ ದುಬಾರಿ, ಅಗ್ಗದ ಮಾದರಿಯ ತಳವಂತೂ ಅಪರೂಪಕ್ಕೆ ಸಮವಾಗಿರುತ್ತದೆ. ದಪ್ಪ ಗಾಜಿನ ಮೇಲೆ 120ರ ಸ್ಯಾಂಡ್‌ಪೇಪರ್ ಅಂಟಿಸಿ, ತಳಕ್ಕೆ ಪೆನ್ಸಿಲ್ ಗೆರೆ ಎಳೆದು, ಅಲಗನ್ನು ಬಿಗಿದು ಒಳಗೆಳೆದು ತಿಕ್ಕಿ. ಮುಂತುದಿ, ಬಾಯಿಯ ಅಂಚು, ಹಿಂತುದಿ ಈ ಮೂರೂ ಕಡೆ ಗೆರೆ ಅಳಿದರೆ ಸಾಕು. ಅಲಗಿನ ಮೇಲಿನ ಮುಚ್ಚಳ ಮೊನೆಯಿಂದ 1 ಮಿ.ಮೀ. ಒಳಗಿರಲಿ, ನಡುವೆ ಬೆಳಕು ಕಂಡರೆ ಹೊಟ್ಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟು ಮಾಡುವ ತಾಳ್ಮೆ ಇದ್ದರೆ ಕಬ್ಬಿಣದ್ದೇ ಲೇಸು.

ಆರು ಉಳಿಗಳ ಸೆಟ್ಟಿಗಿಂತ 6, 12, 25 ಮಿ.ಮೀ.ನ ಮೂರು ಒಳ್ಳೆ ಉಳಿ ಕೊಂಡು, ಉಳಿದ ಹಣವನ್ನು ಸಾಣೆಗೆ ಹಾಕಿ. ಗಾಜಿನ ಮೇಲಿನ ನೀರುಕಾಗದ (ನೀರು ಹಾಕಿ ತಿಕ್ಕುವ ಸ್ಯಾಂಡ್‌ಪೇಪರ್; 400, 1000, 2000 ನುಣುಪಿನದು) ಮೊದಲಿಗೆ ಅಗ್ಗ, ಆದರೆ ಹರಿದು ಹರಿದು ಖರ್ಚು ಏರುತ್ತದೆ. ಎರಡು ಮುಖದ ಕಾರ್ಬೊರಂಡಮ್ ಕಲ್ಲು ಬಾಳುತ್ತದೆ, ನಡುವೆ ಗುಳಿ ಬೀಳುತ್ತದೆ. 400/1000ದ ವಜ್ರದ ಪುಡಿಯ ತಟ್ಟೆಯೇ ಕೊನೆಗೆ ಗಿಟ್ಟುವುದು. ಉಳಿಯ ಬೆನ್ನು ಮೊನೆಯ ಬಳಿ ಕನ್ನಡಿಯಂತಾಗುವವರೆಗೆ ಮೊದಲು ಸಮ ಮಾಡಿ. ಇಳಿಜಾರು 25 ಡಿಗ್ರಿ, ತುದಿಗೆ 30. ಬೆನ್ನಿಗೆ ಸಣ್ಣ ಮುಳ್ಳು ಎದ್ದದ್ದು ಬೆರಳಿಗೆ ತಾಗಿದ ಮೇಲೆಯೇ ಮುಂದಿನ ನುಣುಪಿಗೆ ಹೋಗಬೇಕು.

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿಗೆ ಹಿಡಿದು ಗೆರೆ ಎಳೆದು, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಗೆರೆಗಳು ಕವಲೊಡೆದರೆ ವಾಪಸ್ ಇಡಿ.

ಯಂತ್ರಗಳಲ್ಲಿ ಡ್ರಿಲ್ ಒಂದೇ ಮೊದಲಿಗೆ ಬೇಕಾದದ್ದು. ಜಿಗ್ ಸಾ ಒಂದು ಇಂಚು ದಾಟಿದ ಮರದಲ್ಲಿ ಬ್ಲೇಡ್ ಬಾಗಿಸಿಕೊಂಡು ಹೋಗುತ್ತದೆ. ಮೇಲೆ ಗೆರೆ ಸರಿಯಿದ್ದರೂ ಕೆಳಗೆ ಓರೆ. 4 ಇಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ ಕೊಯ್ಯುವುದು ನಮ್ಮಲ್ಲಿ ಎಲ್ಲೆಡೆ ಕಾಣುತ್ತದೆ. ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, 7 ಇಂಚಿನ ಮರದ ಸರ್ಕ್ಯುಲರ್ ಸಾ ಸುಮಾರು 5,000. ಕಟರಿಗೆ ಬ್ಲೇಡಿನ ಕೆಳಭಾಗಕ್ಕೆ ತಾನಾಗಿ ಮುಚ್ಚಿಕೊಳ್ಳುವ ಕಾಪು ಇಲ್ಲ. ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡ್ ಹಿಡಿದರೆ ಯಂತ್ರ ಮೈಮೇಲೆ ಹಾರುತ್ತದೆ. ಆ ಉಳಿತಾಯ ಬೇಡ. ಉದ್ದ ಕೊಯ್ತವನ್ನು ಸಾಮಿಲ್ಲಿನಲ್ಲೇ ಕೂಲಿ ಕೊಟ್ಟು ಮಾಡಿಸಿ, ಅಳತೆಗಿಂತ 3 ಮಿ.ಮೀ. ಹೆಚ್ಚಿಗೆ ಹೇಳಿ, ಮನೆಯಲ್ಲಿ ಕೀಸಿಕೊಳ್ಳಿ.

ಉದ್ದದ ಕ್ಲ್ಯಾಂಪ್‌ಗೂ ಆತುರ ಬೇಡ. ಗಟ್ಟಿ ರೀಪರಿನ ಎರಡು ತುದಿಗೆ ದಿಮ್ಮಿ ತುಂಡು ಸ್ಕ್ರೂ ಮಾಡಿ, ನಡುವೆ ಹಲಗೆಗಳನ್ನಿಟ್ಟು, ಎದುರುಬದುರಾಗಿ ಎರಡು ಬೆಣೆ ಕೊಡತಿಯಿಂದ ಹೊಡೆದರೆ ಅಂಟಿನ ಸಂದು ಕೂರುತ್ತದೆ. ರೀಪರಿಗೆ ಅಂಟದಂತೆ ಕೆಳಗೆ ಹಾಲಿನ ಕವರ್ ಹಾಸಿ, ಬೆಣೆಯನ್ನು ಮರುದಿನದವರೆಗೆ ತೆಗೆಯಬೇಡಿ.