ಬಸ್ ನಿಲ್ದಾಣದ ಹತ್ತಿರದ ಬೈಕ್ ಸ್ಟ್ಯಾಂಡ್, ದಾವಣಗೆರೆ: ಗೇಟು ಭದ್ರ, ಹಿಂದಿನ ಸಾಲು ಕತ್ತಲು

ಬರಲು ಹೋಗಲು ಒಂದೇ ಗೇಟು. ಚೀಟಿಯಲ್ಲಿ ಗಾಡಿ ನಂಬರ್ ಬರೆದು, ಹೊರಡುವಾಗ ತಾಳೆ ನೋಡಿಯೇ ಬಿಡುತ್ತಾರೆ. ಇದು ತುಂಬಾ ಒಳ್ಳೆಯದು. ಕಳ್ಳತನಕ್ಕೆ ಮೂರು ಕೂಡಬೇಕೆಂದು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ 1979ರಲ್ಲೇ ಹೇಳಿದ್ದರು: ಕದಿಯುವ ಮನಸ್ಸು, ಕೈಗೆ ಸಿಗುವ ವಸ್ತು, ಕಾಯುವವರಿಲ್ಲದ ಜಾಗ. ಹಿಂದಿನ ಸಾಲಿನಲ್ಲಿ ಮೂರೂ ಕೂಡುತ್ತವೆ. ಆಳೆತ್ತರದ ಗೋಡೆಯಿಂದಾಗಿ ರಸ್ತೆಯವರಿಗೆ ಒಳಗೇನೂ ಕಾಣದು, ಬೇವಿನ ಕೊಂಬೆ ಟ್ಯೂಬ್‌ಲೈಟನ್ನೂ ಕ್ಯಾಮೆರಾವನ್ನೂ ಮರೆಮಾಡಿದೆ. ಪೆಟ್ರೋಲ್ ಕದಿಯಲು, ಡಿಕ್ಕಿ ಮೀಟಲು ಗಾಡಿಯನ್ನು ಗೇಟು ದಾಟಿಸಬೇಕಿಲ್ಲವಲ್ಲ! ಕೊಂಬೆಯನ್ನು ಲೈಟಿಗಿಂತ ಮೇಲಕ್ಕೆ ಸವರಬೇಕು, ಪೊದೆ ಎರಡಡಿ ಮೀರಬಾರದು, ಗೋಡೆಯ ಮೇಲರ್ಧ ಒಡೆದು ಗ್ರಿಲ್ ಹಾಕಿಸಬೇಕು. ಇನ್ನೊಂದು ಕ್ಯಾಮೆರಾಕ್ಕಿಂತ ಅದೇ ಮೇಲು. ಅಲ್ಲಿಯವರೆಗೆ ಗೇಟಿನ ಪಕ್ಕದ ಸಾಲನ್ನೇ ಕೇಳಿ, ಹ್ಯಾಂಡಲ್ ಲಾಕ್ ಹಾಕಿ, ಹೆಲ್ಮೆಟ್ ಜೊತೆಗೇ ಒಯ್ಯಿರಿ.