ಹೊಸ ಪೇಪರ್‌ಗಳ ಬೆನ್ನು ಹತ್ತಿ: ಯಾವ ದಾರಿ ಎಷ್ಟು ದೂರ ಬಂತು

ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ನಾನು ಜರ್ನಲ್‌ಗೆ ಕಳಿಸಿದ್ದ ಸಂಶೋಧನಾ ಪೇಪರ್ ಬಗ್ಗೆ, ಅದನ್ನು ಪರಿಶೀಲಿಸಿದ ರಿವ್ಯೂವರ್ ಒಬ್ಬರು ಎರಡೇ ಸಾಲು ಬರೆದಿದ್ದರು. ಹೆಚ್ಚುಕಮ್ಮಿ ಇದೇ ಪ್ರಯೋಗವನ್ನು ಇನ್ನೊಂದು ತಂಡ ಎಂಟು ತಿಂಗಳ ಹಿಂದೆಯೇ ಮಾಡಿ ಮುಗಿಸಿದೆ, ಲೇಖಕರಿಗೆ ಗೊತ್ತಿಲ್ಲವೇ? ಗೊತ್ತಿರಲಿಲ್ಲ. ಆದರೆ ನನ್ನ ಇನ್‌ಬಾಕ್ಸಿನಲ್ಲಿ ಹುಡುಕಿದರೆ ಆ ಪೇಪರಿನ ಹೆಸರು ಅಲ್ಲೇ ಇತ್ತು, ಹೊಸ ಪೇಪರ್ ಬಂತೆಂದು ತಿಳಿಸುವ ಯಾವುದೋ ಅಲರ್ಟ್ ಮೇಲ್‌ನ ಹದಿನೇಳನೇ ಸಾಲಿನಲ್ಲಿ. ಮೇಲ್ ತೆರೆದೇ ಇರಲಿಲ್ಲ.

ಪಿಎಚ್‌ಡಿ ಮಾಡುವಾಗ ಓದುವುದೇ ಕೆಲಸ. ಪಾಠಕ್ಕೆ ನಿಂತ ಮೇಲೆ ಹಾಗಲ್ಲ. ಎರಡು ಹೊಸ ಕೋರ್ಸಿನ ನೋಟ್ಸು, ಖಾಲಿ ಲ್ಯಾಬಿಗೆ ಸಾಮಾನು ತರಿಸುವ ಕಾಗದಪತ್ರ, ಉತ್ತರ ಪತ್ರಿಕೆ, ಮೀಟಿಂಗು. ಇದೆಲ್ಲ ಮುಗಿದು ಮಿಕ್ಕ ಹೊತ್ತಿನಲ್ಲಿ ಓದಬೇಕು. ಮಿಕ್ಕುವುದೇ ಇಲ್ಲ, ಅಲ್ವಾ? ಆ ರಿವ್ಯೂ ಬಂದ ವಾರವೇ ಒಂದು ತೀರ್ಮಾನಕ್ಕೆ ಬಂದೆ. ಹೊಸ ಪೇಪರ್ ಹಿಡಿಯಲು ಜನ ಬಳಸುವ ದಾರಿಗಳನ್ನು ಒಂದೊಂದಾಗಿ, ತಲಾ ನಾಲ್ಕು ವಾರ ಬಳಸಿ ನೋಡುವುದು. ನೋಟ್‌ಬುಕ್ಕಿನಲ್ಲಿ ಮೂರೇ ಲೆಕ್ಕ: ಎಷ್ಟು ಬಂತು, ಎಷ್ಟು ತೆರೆದೆ, ಎಷ್ಟು ಕೆಲಸಕ್ಕೆ ಬಂತು. ನನ್ನ ವಿಷಯ ನೀರು ಸೋಸುವ ಮೆಂಬ್ರೇನ್, ಅಂದರೆ ತೆಳು ಪೊರೆ. ಅದರಲ್ಲೂ ಮೆಂಬ್ರೇನ್ ಮೇಲೆ ಕೊಳೆ ಕೂತು ರಂಧ್ರ ಕಟ್ಟಿಕೊಳ್ಳುವುದು, ಅಂದರೆ ಫೌಲಿಂಗ್.

ಮೊದಲು ಹಿಡಿದದ್ದು ಜರ್ನಲ್‌ಗಳ ಪರಿವಿಡಿ ಮೇಲ್. ಇದು ಅಜ್ಜನ ಕಾಲದ ದಾರಿ. ಇಮೇಲ್ ಇಲ್ಲದಾಗ ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಅವರ ಸಂಸ್ಥೆ ನಾನಾ ಜರ್ನಲ್‌ಗಳ ಪರಿವಿಡಿ ಪುಟಗಳನ್ನೇ ಒಟ್ಟುಗೂಡಿಸಿ 'ಕರೆಂಟ್ ಕಂಟೆಂಟ್ಸ್' ಎಂಬ ಪುಟ್ಟ ವಾರಪತ್ರಿಕೆ ಹೊರಡಿಸುತ್ತಿತ್ತು. ವಿಜ್ಞಾನಿಗಳು ಅದನ್ನು ಕಾದು ಓದುತ್ತಿದ್ದರು. ಪರಿವಿಡಿಯ ಗುಣ ಏನೆಂದರೆ, ನಾವು ಹುಡುಕದೇ ಇದ್ದದ್ದೂ ಕಣ್ಣಿಗೆ ಬೀಳುತ್ತದೆ. ಪಕ್ಕದ ಮನೆಯವರು ಏನು ಮಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಆದರೆ ಈಗ ಪೇಪರ್ ಒಪ್ಪಿಗೆಯಾದ ಕೂಡಲೇ ಆನ್‌ಲೈನಿಗೆ ಬರುತ್ತದೆ, ಸಂಚಿಕೆಯಲ್ಲಿ ಸೇರುವುದು ಆಮೇಲೆ ಯಾವಾಗಲೋ. ಸಂಚಿಕೆಯ ಮೇಲ್ ಬರುವಷ್ಟರಲ್ಲಿ ಸುದ್ದಿ ತಂಗಳು. ನಾನು ಚಂದಾ ಹಾಕಿದ್ದ ಆರು ಜರ್ನಲ್‌ಗಳ ಮೇಲ್‌ಗಳು ಪರೀಕ್ಷಾ ಮೀಟಿಂಗಿನ ಮೇಲ್‌ಗಳ ನಡುವೆ ಬಂದು ಕೂತು, ಅಲ್ಲೇ ಹೂತುಹೋದವು.

ಅದೇ ಪರಿವಿಡಿಯನ್ನು ಆರ್‌ಎಸ್‌ಎಸ್ ಫೀಡ್‌ನಲ್ಲಿ, ಅಂದರೆ ಜಾಲತಾಣಕ್ಕೆ ಹೊಸದಾಗಿ ಬಂದದ್ದನ್ನು ತಾನಾಗಿ ತಂದುಕೊಡುವ ಪಟ್ಟಿಯಲ್ಲಿ, ಓದಿದರೆ ಕಥೆಯೇ ಬೇರೆ. ಇಂಥ ಫೀಡ್ ಓದಲು ಜನ ಬಳಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಾಗ ಆರ್‌ಎಸ್‌ಎಸ್ ಸತ್ತೇ ಹೋಯಿತು ಎಂದುಕೊಂಡವರಲ್ಲಿ ನಾನೂ ಒಬ್ಬ. ಹಾಗೇನಿಲ್ಲ. ದೊಡ್ಡ ಪ್ರಕಾಶಕರ ಜರ್ನಲ್‌ಗಳಲ್ಲಿ ಇವತ್ತಿಗೂ ಫೀಡ್ ಕೊಂಡಿ ಸಿಗುತ್ತದೆ. ಸಂಚಿಕೆಗೆ ಕಾಯದೆ ಹೊಸದಾಗಿ ಆನ್‌ಲೈನಿಗೆ ಬಂದ ಪೇಪರ್‌ಗಳನ್ನು ಕೊಡುವ ಫೀಡ್‌ಗಳೂ ಇವೆ. ಪೇಪರ್‌ಗಳನ್ನು ಕೂಡಿಟ್ಟು ಉಲ್ಲೇಖ ಜೋಡಿಸಿಕೊಡುವ ಝೊಟೆರೊ ಎಂಬ ತಂತ್ರಾಂಶದ ಒಳಗಿನ ಫೀಡ್ ಸೌಲಭ್ಯ ಬಳಸಿದೆ. ಉಲ್ಲೇಖ ಜೋಡಿಸಲು ಹೇಗೂ ಅದನ್ನೇ ತೆರೆದಿರುತ್ತೇನೆ. ಎಡಗಡೆ ಫೀಡ್, ಬೇಕಾದ್ದರ ಮೇಲೆ ಒಂದು ಕ್ಲಿಕ್, ಪೇಪರ್ ಸೀದಾ ಲೈಬ್ರರಿಗೆ. ಇನ್ನೊಂದು ಸಣ್ಣ ಸಂಗತಿ ನನಗೆ ತುಂಬಾ ಹಿಡಿಸಿತು. ಓದದೆ ಬಿಟ್ಟದ್ದನ್ನು ಇಷ್ಟು ದಿನದ ಮೇಲೆ ತಾನಾಗಿ ತೆಗೆದುಹಾಕು ಎಂದು ಸೆಟ್ ಮಾಡಬಹುದು. ಮೇಲ್ ಆದರೆ ಓದದ್ದು ಗುಡ್ಡೆ ಬೀಳುತ್ತದೆ, ನೋಡಿದಾಗಲೆಲ್ಲ ಚುಚ್ಚುತ್ತದೆ. ಇದು ಸುಮ್ನೆ ಹೊರಟುಹೋಗುತ್ತದೆ. ಜರ್ನಲ್‌ಗಳು ನಾಲ್ಕಕ್ಕಿಂತ ಜಾಸ್ತಿ ಇರಬಾರದು, ಅಷ್ಟೇ.

ಪದ ಕೊಟ್ಟು ಅಲರ್ಟ್ ಹಾಕುವುದು ಎಲ್ಲರೂ ಮೊದಲು ಮಾಡುವ ಕೆಲಸ. ನಾನು ಸಂಶೋಧನಾ ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ 'ಮೆಂಬ್ರೇನ್' ಮತ್ತು 'ಫೌಲಿಂಗ್' ಎಂದು ಎರಡು ಅಲರ್ಟ್ ಹಾಕಿದೆ. ತಪ್ಪು ಪೂರ್ತಿ ನನ್ನದೇ. ಮೊದಲನೆಯದು ಜೀವಕೋಶದ ಪೊರೆಯ ಬಗ್ಗೆ ಬರೆದದ್ದನ್ನೆಲ್ಲ ತಂದು ಸುರಿಯಿತು. ಎರಡನೆಯದು ಹಡಗಿನ ತಳಕ್ಕೆ ಅಂಟುವ ಕಪ್ಪೆಚಿಪ್ಪುಗಳನ್ನು ತಂದಿತು. ನಾಲ್ಕು ವಾರದಲ್ಲಿ 212 ಬಂದವು, ತೆರೆದದ್ದು 9, ಕೆಲಸಕ್ಕೆ ಬಂದದ್ದು 2. ಆಮೇಲೆ ಪದಗಳನ್ನು ಜೋಡಿ ಮಾಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದೆ, ಬೇಡದ ಪದಕ್ಕೆ ಮೊದಲು ಮೈನಸ್ ಚಿಹ್ನೆ ಇಟ್ಟೆ, ಶೀರ್ಷಿಕೆಯಲ್ಲಿ ಮಾತ್ರ ಹುಡುಕು ಎಂದೆ. ಜೊಳ್ಳು ಬಹಳಷ್ಟು ಹಾರಿಹೋಯಿತು. ಜೊತೆಗೆ ಒಂದಿಷ್ಟು ಕಾಳೂ ಹೋಯಿತು. ನಾನು ಫೌಲಿಂಗ್ ಅನ್ನುವುದನ್ನು ಇನ್ನೊಂದು ಕ್ಷೇತ್ರದವರು ಫೌಲಿಂಗ್ ಅನ್ನಬೇಕಲ್ಲ! ಒಂದೇ ಸಂಗತಿಗೆ ನಾಲ್ಕು ಕಡೆ ನಾಲ್ಕು ಹೆಸರು.

ನಾಲ್ಕನೆಯದು ಉಲ್ಲೇಖದ ಅಲರ್ಟ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಪಿಎಚ್‌ಡಿಯ ಐದು ವರ್ಷ ಇದನ್ನು ಒಮ್ಮೆಯೂ ಬಳಸದೆ ಕಳೆದಿದ್ದೆ. ಒಂದು ಪೇಪರ್ ಆರಿಸಿಕೊಳ್ಳಿ. ಅದನ್ನು ಉಲ್ಲೇಖಿಸಿದವರ ಪಟ್ಟಿ ತೆರೆಯಿರಿ. ಅಲ್ಲಿ ಅಲರ್ಟ್ ಹಾಕಿ. ಇನ್ನು ಮುಂದೆ ಯಾರೇ ಆ ಪೇಪರನ್ನು ಉಲ್ಲೇಖಿಸಿದರೂ ನಿಮಗೆ ತಿಳಿಯುತ್ತದೆ. ಗೂಗಲ್ ಸ್ಕಾಲರ್‌ನಲ್ಲೂ, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪೇಪರ್ ಸೂಚಿಗಳಲ್ಲೂ ಈ ಸೌಲಭ್ಯ ಇದೆ. ಉಲ್ಲೇಖದ ಜಾಡು ಹಿಡಿದು ಹಳೆಯದರಿಂದ ಹೊಸದಕ್ಕೆ ನಡೆಯುವ ಈ ಉಪಾಯವನ್ನು 1960ರ ದಶಕದಲ್ಲೇ ಸೂಚಿ ಮಾಡಿ ಕೊಟ್ಟವರು ಅದೇ ಗಾರ್ಫೀಲ್ಡ್.

ಯಾವ ಪೇಪರ್ ಆರಿಸಬೇಕು ಅನ್ನುವುದರಲ್ಲಿದೆ ಎಲ್ಲ ಗುಟ್ಟು. ನಾನು ಮೊದಲು ಬುಡಕ್ಕೇ ಕೈ ಹಾಕಿದೆ. ಒತ್ತಡ ಹಾಕಿ ನೀರಿನಿಂದ ಉಪ್ಪು ಬೇರ್ಪಡಿಸುವ ರಿವರ್ಸ್ ಆಸ್ಮೋಸಿಸ್ ಮೆಂಬ್ರೇನ್ ಬಗ್ಗೆ ಲೋಬ್ ಮತ್ತು ಸೌರಿರಾಜನ್ 1960ರ ದಶಕದಲ್ಲಿ ಬರೆದ ಪ್ರಸಿದ್ಧ ಪೇಪರ್. ಅದನ್ನು ಮುನ್ನುಡಿಯ ಮೊದಲ ಸಾಲಿನಲ್ಲಿ ನಮಸ್ಕಾರ ಹಾಕುವ ಹಾಗೆ ಎಲ್ಲರೂ ಉಲ್ಲೇಖಿಸುತ್ತಾರೆ. ಮತ್ತೆ ಪ್ರವಾಹ. ಆಮೇಲೆ ರೆಂಬೆಗೆ ಇಳಿದೆ. ಕೊಳೆ ಅಂಟದ ಹಾಗೆ ಲೇಪ ಹಚ್ಚುವ ಬಗ್ಗೆ, ಆ ಕೆಲಸ ಮಾಡುವವರು ಬಿಟ್ಟರೆ ಬೇರೆ ಯಾರೂ ಉಲ್ಲೇಖಿಸದಂಥ, ಆದರೆ ಅವರು ಬಿಡುವ ಹಾಗೇ ಇಲ್ಲದಂಥ ಏಳು ಪೇಪರ್. ನಾಲ್ಕು ವಾರಕ್ಕೆ 31 ಬಂದವು. 14 ತೆರೆದೆ. 6 ಕೆಲಸಕ್ಕೆ ಬಂದವು.

ಆ ಆರರಲ್ಲಿ ಒಂದು ವೈದ್ಯಕೀಯ ಜರ್ನಲ್ಲಿನದು. ರೋಗಿಗಳಿಗೆ ಹಾಕುವ ಕ್ಯಾತಿಟರ್ ಕೊಳವೆಗೆ ಬ್ಯಾಕ್ಟೀರಿಯಾ ಅಂಟದಂತೆ ಲೇಪ ಹಚ್ಚಿದ ಕೆಲಸ. ಅದರಲ್ಲಿ ಮೆಂಬ್ರೇನ್ ಎಂಬ ಪದವೂ ಇಲ್ಲ, ಫೌಲಿಂಗ್ ಎಂಬ ಪದವೂ ಇಲ್ಲ. ಆದರೆ ಲೇಪದ ರಸಾಯನ ಒಂದೇ, ಹಾಗಾಗಿ ನನ್ನ ಏಳರಲ್ಲಿ ಒಂದನ್ನು ಅವರು ಉಲ್ಲೇಖಿಸಿದ್ದರು. ಅಂಟಿದ ಬ್ಯಾಕ್ಟೀರಿಯಾ ನೀರಿನ ಎಷ್ಟು ರಭಸಕ್ಕೆ ಬಿಟ್ಟುಕೊಳ್ಳುತ್ತದೆ ಎಂದು ಅಳೆಯುವ ಅವರ ವಿಧಾನವನ್ನು ಈಗ ನಮ್ಮ ಲ್ಯಾಬಿನಲ್ಲೂ ಬಳಸುತ್ತಿದ್ದೇವೆ. ಯಾವ ಪದ ಕೊಟ್ಟರೂ ಆ ಪೇಪರ್ ನನ್ನ ಹತ್ತಿರ ಬರುತ್ತಿರಲಿಲ್ಲ.

ಕೊರತೆಯೂ ಇದೆ. ನಮ್ಮ ಏಳು ಪೇಪರ್‌ಗಳ ಗಂಧವೇ ಇಲ್ಲದ, ತೀರಾ ಹೊಸ ದಿಕ್ಕಿನಿಂದ ಬಂದ ಕೆಲಸ ಇದಕ್ಕೆ ಸಿಗುವುದಿಲ್ಲ.

ಪ್ರಿಪ್ರಿಂಟ್, ಅಂದರೆ ರಿವ್ಯೂಗೆ ಮುಂಚೆಯೇ ಆನ್‌ಲೈನಿಗೆ ಹಾಕಿದ ಪೇಪರ್‌ಗಳ ಪಟ್ಟಿಯನ್ನು ನಾನು ಹೆಚ್ಚು ದಿನ ನಡೆಸಲಿಲ್ಲ. ನಮ್ಮ ಕ್ಷೇತ್ರದಲ್ಲಿ ಅಲ್ಲಿಗೆ ಹಾಕುವವರು ಕಡಿಮೆ. ಭೌತಶಾಸ್ತ್ರದ ಗೆಳೆಯನಿಗೆ ಮಾತ್ರ 1991ರಲ್ಲಿ ಶುರುವಾದ ಆರ್ಕೈವ್ (arXiv) ಎಂಬ ಪ್ರಿಪ್ರಿಂಟ್ ತಾಣದ ದಿನದ ಪಟ್ಟಿಯೇ ಪೇಪರ್ ಓದುವುದರ ಆದಿ ಮತ್ತು ಅಂತ್ಯ. ಅವನಿಗೊಂದು ಮಾತು ಹೇಳಿದೆ, ಮೇಲಿನ ನಾಲ್ಕೈದು ಮಾತ್ರ ನೋಡಿ ಬಿಡಬೇಡ ಎಂದು. ಆರ್ಕೈವ್ ಕಟ್ಟಿದ ಪಾಲ್ ಗಿನ್ಸ್‌ಪಾರ್ಗ್ ಅವರೇ ಸಹೋದ್ಯೋಗಿಯ ಜೊತೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ: ಆ ದಿನದ ಪಟ್ಟಿಯಲ್ಲಿ ಮೇಲೆ ಕೂತ ಪೇಪರ್‌ಗಳಿಗೆ ಮುಂದೆ ಉಲ್ಲೇಖವೂ ಜಾಸ್ತಿ. ಕೆಲವರು ಆ ದಿನದ ಸಲ್ಲಿಕೆಯ ಗಡುವು ದಾಟಿದ ಮರುಕ್ಷಣವೇ ಪೇಪರ್ ಏರಿಸಿ ಮೊದಲ ಜಾಗ ಹಿಡಿಯುತ್ತಾರಂತೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ಸಾರಾಂಶ ಮಾಡಿಕೊಡುವ ಎಐ ಸಾಧನವನ್ನೂ ಬಳಸಿದೆ, ಯಾವುದು ಅನ್ನುವುದು ಬೇಡ. ಯಾವ ಪೇಪರ್ ತೆರೆಯಬೇಕು ಎಂದು ಆರಿಸಲು ಪರವಾಗಿಲ್ಲ. ಆದರೆ ಒಂದು ಪೇಪರಿನಲ್ಲಿ ಲೇಪ ಹಚ್ಚಿದ ಮೇಲೆ ನೀರಿನ ಹರಿವು ಹೆಚ್ಚಿತು ಎಂದು ಅದು ಬರೆದುಕೊಟ್ಟಿತು. ಮೂಲದ ಎರಡನೇ ಕೋಷ್ಟಕ ನೋಡಿದರೆ ಹರಿವು ಇಳಿದಿತ್ತು. ತರಗತಿಯಲ್ಲಿ ಹೇಳುವ ಮುಂಚೆ ನೋಡಿದ್ದು ನನ್ನ ಪುಣ್ಯ.

ಇನ್ನು ಜನ. ಶುಕ್ರವಾರ ಮಧ್ಯಾಹ್ನ ವಿದ್ಯಾರ್ಥಿಗಳೂ ನಾನೂ ಕೂತು ಒಂದೇ ಒಂದು ಪೇಪರ್ ಬಿಡಿಸುತ್ತೇವೆ. ಸಂಖ್ಯೆಯ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಹಿಂದೆ, ತಿಂಗಳಿಗೆ ನಾಲ್ಕೇ ಪೇಪರ್. ಆದರೆ ಆ ನಾಲ್ಕೂ ಕೊನೆಯ ಚಿತ್ರದವರೆಗೆ ಓದಿದ ಪೇಪರ್‌ಗಳು. ಒಮ್ಮೆ ಒಬ್ಬ ಹುಡುಗಿ, "ಸರ್, ಇವರು ಹೋಲಿಕೆಗೆ ಇಟ್ಟುಕೊಂಡ ಮೆಂಬ್ರೇನನ್ನು ತೊಳೆದೇ ಇಲ್ಲ, ನೋಡಿದ್ರಾ?" ಎಂದಳು. ನಾನು ಅದೇ ಪೇಪರನ್ನು ಎರಡು ಸಲ ಓದಿದ್ದೆ. ನೋಡಿರಲಿಲ್ಲ.

ಈಗ ಉಳಿದಿರುವುದು ಮೂರು: ನಾಲ್ಕು ಜರ್ನಲ್‌ಗಳ ಫೀಡ್, ಉಲ್ಲೇಖದ ಅಲರ್ಟ್, ಶುಕ್ರವಾರ. ಅಲರ್ಟ್ ಮೇಲ್‌ಗಳು ಇನ್‌ಬಾಕ್ಸಿಗೆ ಬಾರದೆ ಬೇರೆ ಫೋಲ್ಡರಿಗೆ ಹೋಗುವಂತೆ ಫಿಲ್ಟರ್ ಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಮೊದಲ ತರಗತಿಗೆ ಮುಂಚೆ ನಲವತ್ತು ನಿಮಿಷ ಆ ಫೋಲ್ಡರಿಗೆ ಮೀಸಲು, ಅಷ್ಟರಲ್ಲಿ ನೋಡಲಾಗದ್ದನ್ನು ಅಳಿಸಿಬಿಡುತ್ತೇನೆ. ಸೆಮಿಸ್ಟರ್ ಮುಗಿದಾಗ ಒಮ್ಮೆ ಪಟ್ಟಿ ತಿದ್ದುತ್ತೇನೆ. ಹೋದ ಸಲ ಏಳು ಪೇಪರ್‌ಗಳಲ್ಲಿ ಎರಡನ್ನು ಕಿತ್ತೆ, ಅವುಗಳ ಜಾಗಕ್ಕೆ ಒಂದನ್ನು ಸೇರಿಸಿದೆ. ನಾನು ಓದದೆ ಬಿಟ್ಟಿದ್ದ ಆ ಹದಿನೇಳನೇ ಸಾಲಿನ ಪೇಪರ್ ಅದು.