ದರಿಯಾ ದೌಲತ್‌ಗೆ ‘ಖಾಸಗಿ ಭೇಟಿ’ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಮೈಸೂರಿನ ಬಡಾವಣೆಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ‘ಟಿಪ್ಪುವಿನ ಬೇಸಿಗೆ ಅರಮನೆಗೆ ಒಂದು ದಿನದ ಖಾಸಗಿ ಭೇಟಿ. ನಮ್ಮ ತಂಡಕ್ಕೆ ಮಾತ್ರ. ಮಹಡಿ ನೋಡುವ ಅವಕಾಶ, ಇತಿಹಾಸ ತಜ್ಞರ ವಿವರಣೆ, ತೋಟದಲ್ಲೇ ಊಟ, ಎಸಿ ಗಾಡಿ.’ ತಲೆಗೆ 2,400 ರೂಪಾಯಿ. ನಾನು, ನಮ್ಮೆಜಮಾನ್ರು, ಮಕ್ಕಳು, ಅತ್ತೆ ಎಲ್ಲರೂ ಹೋಗಿ ಬಂದೆವು. ದಯವಿಟ್ಟು ನೀವು ಹೋಗಬೇಡಿ.

ಆ ಬೇಸಿಗೆ ಅರಮನೆ, ಅಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್, ಯಾರ ಸ್ವಂತ ಬಂಗಲೆಯೂ ಅಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುವ ಸ್ಮಾರಕ ಅದು. ಟಿಕೆಟ್ ತಗೊಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಆ ಟಿಕೆಟ್ಟಿಗೆ ನಮಗೆ 30 ರೂಪಾಯಿಯೂ ಆಗುವುದಿಲ್ಲ, 15 ವರ್ಷದೊಳಗಿನ ಮಕ್ಕಳಿಗೆ ಅದೂ ಬೇಡ. ಹಾಗಿರುವಾಗ ‘ನಮ್ಮ ತಂಡಕ್ಕೆ ಮಾತ್ರ’ ಅನ್ನುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಗೇಟಿನ ಹತ್ತಿರವೇ ಬಣ್ಣ ಬಯಲಾಯಿತು. ಊಟದ ಡಬ್ಬಗಳನ್ನು ಕಾವಲುಗಾರರು ಒಳಗೆ ಬಿಡಲಿಲ್ಲ. ಅತ್ತೆ ಪೋಸ್ಟರ್ ತೋರಿಸಿ ಕೇಳಿದರು. ಕಾವಲುಗಾರರೊಬ್ಬರು ತುಂಬಾ ಮರ್ಯಾದೆಯಿಂದಲೇ ಹೇಳಿದರು: “ಅಮ್ಮಾ, ಇಲ್ಲಿ ಪ್ರೈವೇಟ್ ಅಂತ ಯಾವ್ದೂ ಇಲ್ಲ. ಮಹಡಿಗೂ ಯಾರನ್ನೂ ಬಿಡಲ್ಲ. ನಿಮ್ಗೆ ಯಾರು ಹಂಗೆ ಹೇಳಿದ್ದು?” ಆಯೋಜಕ ಅಷ್ಟರಲ್ಲಿ ಫೋನ್ ಕಿವಿಗಿಟ್ಟುಕೊಂಡು ಗಾಡಿಯ ಹಿಂದಕ್ಕೆ ಹೋಗಿದ್ದ. ಎಸಿ ಗಾಡಿ ಅಂತ ಹೇಳಿ ತಂದಿದ್ದ ಆ ವ್ಯಾನಿನಲ್ಲಿ ಎಸಿ ಇರಲಿಲ್ಲ, ಬಿಡಿ.

ನನಗೆ ತಡೆಯಲಾರದಷ್ಟು ಸಿಟ್ಟು ಬಂದಿದ್ದು ‘ಇತಿಹಾಸ ತಜ್ಞ’ರ ವಿಷಯದಲ್ಲಿ. ಬಂದಿದ್ದು ಒಬ್ಬ ಹುಡುಗ. ಮೊಬೈಲ್ ನೋಡಿಕೊಂಡು ಓದುತ್ತಿದ್ದ. ಪಶ್ಚಿಮದ ಗೋಡೆಯ ದೊಡ್ಡ ಯುದ್ಧದ ಚಿತ್ರದ ಮುಂದೆ ನಿಂತು, ಇದು ಟಿಪ್ಪುವಿನ ಕೊನೆಯ ಯುದ್ಧ, ಆತ ಸತ್ತಿದ್ದು ಇದೇ ಅರಮನೆಯಲ್ಲಿ ಅಂದ. ಎರಡೂ ಸುಳ್ಳು. ಈ ಅರಮನೆ ಕಟ್ಟಿದ್ದು 1784ರಲ್ಲಿ. ಗೋಡೆಯ ಮೇಲಿರುವುದು 1780ರ ಪೊಳ್ಳಿಲೂರು ಯುದ್ಧ, ಅಂದರೆ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಯುದ್ಧ. ಚೌಕಾಕಾರವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ನಡುವೆ ಸಿಡಿಯುತ್ತಿರುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷರ ದಂಡನಾಯಕ ಕರ್ನಲ್ ಬೇಲಿ. ಗೆದ್ದವರು ಬರೆಸಿದ ಚಿತ್ರ ಅಂತ ನೋಡಿದರೇ ಗೊತ್ತಾಗುತ್ತೆ ಅಲ್ವಾ? ಟಿಪ್ಪು ಸತ್ತಿದ್ದು 1799ರ ಮೇ 4ರಂದು, ಈ ಅರಮನೆಯಲ್ಲಲ್ಲ, ಕೋಟೆಯೊಳಗೆ. ಆಮೇಲೆ ಈ ಅರಮನೆಯಲ್ಲಿ ವಾಸಕ್ಕೆ ಬಂದವನು ಇಂಗ್ಲಿಷರ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ನನ್ನ ಮಗಳು ಆ ಹುಡುಗ ಹೇಳಿದ್ದನ್ನೆಲ್ಲಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಬೇರೆ ಮಕ್ಕಳೂ ಇದ್ದರು. ಅವರಿಗೆ ತಪ್ಪು ಹೇಳಿದ್ದನ್ನು ತಿದ್ದುವವರು ಯಾರು?

ಇನ್ನು ಅಷ್ಟು ಚೆಂದದ ಗೋಡೆಗಳನ್ನು ನಿಧಾನವಾಗಿ ನೋಡಲೂ ಬಿಡಲಿಲ್ಲ. ಬಿಸಿಲಿಗೆ ಬಣ್ಣ ಕೆಡಬಾರದು ಅಂತ ಸುತ್ತ ಹಸಿರು ಪರದೆ ಇಳಿಬಿಟ್ಟಿರುತ್ತಾರೆ, ಕಣ್ಣು ಹೊಂದಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ “ಟೈಮ್ ಆಯ್ತು, ಬನ್ನಿ ಬನ್ನಿ” ಅಂತ ಹೊರಡಿಸಿದರು. ಊಟ ರಸ್ತೆ ಬದಿಯಲ್ಲಿ. ಡಬ್ಬದಲ್ಲಿದ್ದ ಚಿತ್ರಾನ್ನ ಹಳಸಿತ್ತು. ಮಂಡಿನೋವಿನ ಅತ್ತೆ ಕೂರಲು ಒಂದು ಕುರ್ಚಿಯೂ ಇಲ್ಲದೆ ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ಬರೀ ಮಜ್ಜಿಗೆ ಕುಡಿದರು.

ಅವಸರ ಯಾಕೆ ಅಂತ ಆಮೇಲೆ ಗೊತ್ತಾಯಿತು. ವಾಪಸ್ ಬರುವಾಗ ಒಂದು ರೇಷ್ಮೆ ಸೀರೆ, ಗಂಧದೆಣ್ಣೆ ಅಂಗಡಿಗೆ ಕರೆದುಕೊಂಡು ಹೋದರು. ಅರಮನೆಗಿಂತ ಜಾಸ್ತಿ ಹೊತ್ತು ಅಲ್ಲೇ ಕಳೆಯಿತು. ಯಾರಾದರೂ ಏನಾದರೂ ಕೊಳ್ಳುವವರೆಗೂ ಡ್ರೈವರ್ ಪತ್ತೆ ಇಲ್ಲ. ಇದು ಕಮಿಷನ್ ವ್ಯವಹಾರ, ಸುಮ್ನೆ ಹೇಳುತ್ತಿಲ್ಲ: ಅಂಗಡಿಯವರು ನಮ್ಮ ಬಿಲ್ಲಿನ ಮೇಲೆ ವ್ಯಾನಿನ ನಂಬರ್ ಬರೆದುಕೊಂಡರು.

ದುಡ್ಡು ವಾಪಸ್ ಕೇಳಿದ್ದಕ್ಕೆ ಆಯೋಜಕ ಮೊದಲು “ನೋಡೋಣ ಮೇಡಂ” ಅಂದ. ಆಮೇಲೆ ನಂಬರ್ ಬ್ಲಾಕ್ ಮಾಡಿದ.

ಅರಮನೆ ನೋಡಲೇಬೇಕು ಅನ್ನುವವರು ನೀವೇ ಹೋಗಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ನಗರ ಸಾರಿಗೆ ಬಸ್ಸೂ ಇದೆ, ರೈಲೂ ಇದೆ. ಅಲ್ಲಿಂದ ಆಟೋ. ಯಾರಾದರೂ ‘ವಿಶೇಷ ಪ್ರವೇಶ’ ಅಂದರೆ ಇಲಾಖೆಯ ಅನುಮತಿ ಪತ್ರ ತೋರಿಸಿ ಅನ್ನಿ, ತೋರಿಸುವ ತನಕ ಮುಂಗಡ ಕೊಡಬೇಡಿ.

ಈಗಾಗಲೇ ದುಡ್ಡು ಕಟ್ಟಿ ಮೋಸ ಹೋಗಿದ್ದರೆ ಪೋಸ್ಟರ್, ಮೆಸೇಜು, ಹಣ ಕಳಿಸಿದ ರಸೀದಿ ಮೂರನ್ನೂ ಅಳಿಸದೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ನಾವು 1915ರಲ್ಲಿ ದೂರು ಕೊಟ್ಟಿದ್ದೇವೆ. ಅದೇ ವ್ಯಾನಿನಲ್ಲಿ ಬಂದವರು ಇದನ್ನು ಓದುತ್ತಿದ್ದರೆ ನೀವೂ ಕೊಡಿ.